ಥಾರ್ ಸಾಫ್ಟ್ ಟಾಪ್: ಕಿಟಕಿ ಬಿಚ್ಚದೆ, ಒದ್ದೆಯಲ್ಲಿ ಮಡಚಬೇಡಿ ಮಾರಾಯ್ರೇ

ನಮ್ಮ ಗುಂಪಿನಲ್ಲಿ ಮುಳ್ಳಯ್ಯನಗಿರಿ ಬೆಟ್ಟದ ಫೋಟೊ ಹಾಕಿದ ಮಹೀಂದ್ರಾ ಥಾರ್‌ನವರೇ, ಗಾಡಿ ಚೆನ್ನಾಗಿದೆ. ಆದರೆ ಕೊನೆಯ ಫೋಟೊ ನೋಡಿ ಎದೆ ಝಲ್ ಅಂದಿತು. ಸಾಫ್ಟ್ ಟಾಪನ್ನು, ಅಂದರೆ ಮಡಚುವ ಬಟ್ಟೆಯ ಹುಡ್ಡನ್ನು, ಹಿಂದಕ್ಕೆ ಮಡಚಿದ್ದೀರಿ, ಹಿಂದಿನ ಪ್ಲಾಸ್ಟಿಕ್ ಕಿಟಕಿ ಅದರೊಳಗೇ ಮುದುಡಿಕೊಂಡಿದೆ, ಮೇಲೆ ಮಂಜಿನ ನೀರು ಇನ್ನೂ ಹಾಗೇ ಇದೆ. "ಕಿಟಕಿಯಲ್ಲಿ ಬಿಳಿ ಗೆರೆ ಬಿದ್ದಿದೆ, ಯಾವ ಪಾಲಿಶ್ ಹಾಕಲಿ" ಅಂತ ಬೇರೆ ಕೇಳಿದ್ದೀರಿ. ಅದು ಪಾಲಿಶ್‌ಗೆ ಹೋಗುವ ಗೆರೆ ಅಲ್ಲ. ಉಗುರಿಗೆ ತಾಗದಷ್ಟು ಸಣ್ಣ ಗೀರಾದರೆ ಪ್ಲಾಸ್ಟಿಕ್ ಪಾಲಿಶ್ ಹಾಕಿ ಉಜ್ಜಿದರೆ ಮಾಸುತ್ತದೆ. ಮಡಚಿದ ಗೆರೆ ಅಂದರೆ ಪ್ಲಾಸ್ಟಿಕ್ ಒಳಗಿನಿಂದಲೇ ಮುರಿದಿದೆ. ಮುಂದೆ ಅಲ್ಲೇ ಸೀಳುತ್ತದೆ. ನನ್ನ ಮಾರುತಿ ಜಿಪ್ಸಿ ಜೀಪಿನ ಹಿಂದಿನ ಕಿಟಕಿ ಹೋದದ್ದೂ ಹೀಗೇ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಆ ಕಿಟಕಿ ಪಿವಿಸಿ ಅನ್ನುವ ಪ್ಲಾಸ್ಟಿಕ್ಕಿನದು. ಬಗ್ಗಲಿ ಅಂತ ಅದಕ್ಕೆ ಪ್ಲಾಸ್ಟಿಸೈಸರ್ ಸೇರಿಸಿರುತ್ತಾರೆ. ಬಿಸಿಲಿಗೆ ವರ್ಷ ಕಳೆದ ಹಾಗೆ ಅದು ಸ್ವಲ್ಪ ಸ್ವಲ್ಪವೇ ಹೊರಗೆ ಹೋಗುತ್ತದೆ, ಕಿಟಕಿ ಹಳದಿಯಾಗಿ ಗಟ್ಟಿಯಾಗುತ್ತದೆ. ಚಳಿಯಲ್ಲಂತೂ ಹೊಸ ಪಿವಿಸಿಯೂ ಸೆಟೆದುಕೊಳ್ಳುತ್ತದೆ. ಬೆಟ್ಟದ ಮೇಲೆ ಬೆಳಗ್ಗೆ ಆರಕ್ಕೆ ಎದ್ದು ಫೋಟೊಗೋಸ್ಕರ ಟಾಪ್ ಬಿಚ್ಚುವವರು ಇದನ್ನು ತಲೆಯಲ್ಲಿ ಇಟ್ಟುಕೊಳ್ಳಿ. ಗಾಡಿಯನ್ನು ಸ್ವಲ್ಪ ಹೊತ್ತು ಎಳೆ ಬಿಸಿಲಿಗೆ ನಿಲ್ಲಿಸಿ, ಕಿಟಕಿ ಕೈಗೆ ಮೆತ್ತಗೆ ಸಿಕ್ಕ ಮೇಲೆ ಮುಟ್ಟಿ. ಹಾಗಂತ ಮಧ್ಯಾಹ್ನದ ಸುಡುಬಿಸಿಲಲ್ಲೂ ಬೇಡ. ಆಗ ಎರಡು ಪದರ ಒಂದಕ್ಕೊಂದು ಅಂಟಿ ಅಚ್ಚು ಬೀಳುತ್ತದೆ.

ಕಿಟಕಿಗಳನ್ನು ಝಿಪ್ ಬಿಚ್ಚಿ ಪೂರ್ತಿ ತೆಗೆದಿಟ್ಟೇ ಟಾಪ್ ಇಳಿಸಬೇಕು. ಇದೇನು ನಮ್ಮ ಜೀಪುಗಳಿಗೆ ಮಾತ್ರ ಬಂದ ಪಾಡಲ್ಲ. 1989ರಲ್ಲಿ ಬಂದ ಜಪಾನಿನ ಟಾಪ್ ಮಡಚುವ ಕಾರು, ಮೊದಲ ಮಾಜ್ದಾ ಎಂಎಕ್ಸ್-5ಗೂ ಪ್ಲಾಸ್ಟಿಕ್ ಹಿಂಗಿಟಕಿಯೇ ಇತ್ತು. ಟಾಪ್ ಇಳಿಸುವ ಮುಂಚೆ ಝಿಪ್ ಬಿಚ್ಚಿ ಅದನ್ನು ಚಪ್ಪಟೆ ಮಲಗಿಸಬೇಕಿತ್ತು. 1998ರ ಎರಡನೇ ಮಾಡೆಲ್‌ಗೆ ಗಾಜು ಬಂತು, ಆ ಕಾಟ ತಪ್ಪಿತು. ನಮಗಿನ್ನೂ ತಪ್ಪಿಲ್ಲ, ಅಲ್ವಾ.

ತೆಗೆದ ಕಿಟಕಿ ಎಲ್ಲಿಡೋದು? ಇಲ್ಲೇ ಎಲ್ಲರೂ ಹಾಳು ಮಾಡೋದು. ಹಿಂದಿನ ಸೀಟಿನ ಮೇಲೆ ಎಸೆದು, ಅದರ ಮೇಲೆ ಬ್ಯಾಗು, ಬ್ಯಾಗಿನ ಮೇಲೆ ಮಗು! ನನಗೆ ಸರಿಹೋಗಿದ್ದು ಹಳೇ ಪಂಚೆ. ಒಗೆದು ಒಗೆದು ಮೆತ್ತಗಾದ ಹತ್ತಿ ಪಂಚೆಯೇ ಆಗಬೇಕು. ಜರಿ ಅಂಚಿದ್ದರೆ ಮೊದಲು ಕತ್ತರಿಸಿ, ಇಲ್ಲದಿದ್ದರೆ ಜರಿಯೇ ಗೀರುತ್ತದೆ. ಟರ್ಕಿ ಟವೆಲ್ ಬೇಡ, ಅದರ ಎಳೆಯೊಳಗೆ ಸೇರಿದ ಮಣ್ಣು ಎಷ್ಟು ಕೊಡವಿದರೂ ಹೋಗುವುದಿಲ್ಲ. ಪೇಪರ್ ಅಂತೂ ಬೇಡವೇ ಬೇಡ, ಶಾಯಿ ಇಳಿದು ಕಿಟಕಿ ಮೇಲೆ ಸುದ್ದಿ ಓದಬೇಕಾದೀತು. ಕಿಟಕಿಗೆ ಮೊದಲು ನೀರು ಹಾಯಿಸಿ ಧೂಳು ಇಳಿಸಿ, ಒಣಗಿಸಿ. ಒಣ ಬಟ್ಟೆಯಲ್ಲಿ ಧೂಳು ಒರೆಸುವುದೂ ಉಪ್ಪುಕಾಗದದಲ್ಲಿ ತಿಕ್ಕುವುದೂ ಒಂದೇ. ಆಮೇಲೆ ಪಂಚೆ ಹಾಸಿ, ಕಿಟಕಿಯನ್ನು ಮಲಗಿಸಿ, ಪಂಚೆಯ ಇನ್ನರ್ಧ ಮೇಲೆ ಹೊದಿಸಿ. ತೋಟದಲ್ಲಿ ಉಳಿದ 4 ಇಂಚಿನ ಪಿವಿಸಿ ಪೈಪಿನ ತುಂಡು ತಂದು ಅದಕ್ಕೆ ಸಡಿಲವಾಗಿ ಸುತ್ತಿ. ಝಿಪ್ಪಿನ ಹಲ್ಲು ಎಲ್ಲೂ ಬರಿ ಪ್ಲಾಸ್ಟಿಕ್‌ಗೆ ತಾಗದ ಹಾಗೆ ಪಂಚೆ ನಡುವೆ ಇರಲಿ. ಕಟ್ಟೋದಕ್ಕೆ ಬಟ್ಟೆಯ ಪಟ್ಟಿ ಸಾಕು. ರಬ್ಬರ್ ಬ್ಯಾಂಡ್ ಹಾಕಿದರೆ ಅದೇ ಜಾಗದಲ್ಲಿ ಕಂದು ಗುರುತು ಕೂರುತ್ತದೆ. ಮನೆಯಲ್ಲೇ ಬಿಟ್ಟು ಹೋಗುವುದಾದರೆ ಸುತ್ತುವುದೂ ಬೇಡ, ಮಂಚದ ಕೆಳಗೆ ಚಪ್ಪಟೆ ಮಲಗಿಸಿ.

ಈಗ ಟಾಪಿನ ಬಟ್ಟೆ. ಜಿಪ್ಸಿಯಲ್ಲಿ ಟಾಪ್ ಬಿಚ್ಚಿ ಪೂರ್ತಿ ಕೆಳಗೆ ತೆಗೆದುಬಿಡುತ್ತೇವೆ, ಬಟ್ಟೆ ಬೇರೆ ಕಂಬಿ ಬೇರೆ. 2020ರ ಥಾರ್ ಕನ್ವರ್ಟಿಬಲ್‌ನಲ್ಲಿ ಬಟ್ಟೆ ಕಂಬಿಯ ಜೊತೆಗೇ ಮಡಚುತ್ತದೆ. ಹಾಗಾಗಿ ಎರಡು ಕಂಬಿಯ ನಡುವೆ ಬಟ್ಟೆ ಸಿಕ್ಕಿ ಚಿವುಟುತ್ತದೆ. ಒಬ್ಬರೇ ಮಾಡಬೇಡಿ. ಇಬ್ಬರು ಎರಡು ಕಡೆ ನಿಂತು, ಕಂಬಿ ಹಿಂದಕ್ಕೆ ಹೋಗುವಾಗ ಸಡಿಲವಾದ ಬಟ್ಟೆಯನ್ನು ಕೈಯಿಂದ ಹಿಂದಕ್ಕೆ ಎಳೆದು ಬಿಡುತ್ತಾ ಹೋಗಿ. ಪ್ರತಿ ಸಲ ಅದೇ ಮಡಿಕೆಯಲ್ಲೇ ಬಟ್ಟೆ ಕೂರುತ್ತಿದ್ದರೆ ಅಲ್ಲೇ ಸವೆಯುತ್ತದೆ. ಅಂಥ ಕಡೆ ಒಳಗಿನಿಂದ ಒಂದು ತುಂಡು ಕ್ಯಾನ್ವಾಸ್ ತೇಪೆ ಹಾಕಿಸಿ, ತೂತಾಗುವ ಮುಂಚೆ. ಮಡಚಿದ ಮೇಲೆ ಪಟ್ಟಿ ಬಿಗಿಯಿರಿ. ಘಾಟಿಯಲ್ಲಿ ಕುಲುಕಿ ಕುಲುಕಿ ಉಜ್ಜಿಕೊಂಡೂ ಬಟ್ಟೆ ಸವೆಯುತ್ತದೆ.

ಒದ್ದೆಯಿದ್ದಾಗ ಮಡಚಲೇಬೇಕಾಗಿ ಬಂತು ಅಂದುಕೊಳ್ಳಿ. ಮನೆ ಮುಟ್ಟಿದ ತಕ್ಷಣ ತೆರೆದು ಗಾಳಿಗೆ ಬಿಡಿ. ನಾಳೆ ನೋಡೋಣ ಅಂದರೆ ಮಲೆನಾಡಿನ ಜೂನ್ ಜುಲೈಯಲ್ಲಿ ಬೂಷ್ಟು ಬಂದೇ ಬರುತ್ತದೆ. ಕಪ್ಪು ಚುಕ್ಕಿ ಹೊಲಿಗೆಯೊಳಗೆ ಇಳಿದರೆ ಹೋಗುವುದಿಲ್ಲ. ಬ್ಲೀಚ್ ಹಾಕಿ ಉಜ್ಜುವವರನ್ನು ನೋಡಿದ್ದೇನೆ. ಚುಕ್ಕಿಯ ಜೊತೆ ದಾರದ ಬಲವೂ ಹೋಗುತ್ತದೆ. ಹಾಗೇ ತಿಂಗಳುಗಟ್ಟಲೆ ಮಡಚಿಯೂ ಇಡಬೇಡಿ. ಇಲಿಗೆ ಅದಕ್ಕಿಂತ ಒಳ್ಳೆ ಮನೆ ಸಿಗೋದಿಲ್ಲ. ಬಟ್ಟೆಯೂ ಬಿಗಿದುಕೊಂಡು ಟಾಪನ್ನು ಮುಂದೆ ಸಿಕ್ಕಿಸುವ ಲಾಚ್ (ಕೊಕ್ಕೆ) ಎಟಕುವುದಿಲ್ಲ. ಎಟಕದಿದ್ದರೆ ಜೋತು ಬಿದ್ದು ಎಳೆಯಬೇಡಿ, ಬಿಸಿಲಿಗೆ ನಿಲ್ಲಿಸಿ, ತಾನಾಗಿ ಸಡಿಲವಾಗುತ್ತದೆ.

ಝಿಪ್ ಗಟ್ಟಿಯಾಯಿತು ಅಂತ ಡಬ್ಲ್ಯೂಡಿ-40 ಎಣ್ಣೆ ಸ್ಪ್ರೇ ಹೊಡೆಯುವ ಚಟ ಬಿಡಿ. ತುಕ್ಕು ಹಿಡಿದ ನಟ್ಟಿಗೆ ಅದು ಒಳ್ಳೆಯದೇ. ಝಿಪ್ಪಿಗೆ ಹೊಡೆದರೆ ಧೂಳು ಕೂತು ಇನ್ನೂ ಗಟ್ಟಿಯಾಗುತ್ತದೆ. ಹಲ್ಲಿನ ಮಣ್ಣನ್ನು ಹಳೇ ಟೂತ್‌ಬ್ರಶ್ಶು ನೀರಿನಲ್ಲಿ ತೊಳೆದು, ಒಣಗಿದ ಮೇಲೆ ಬಿಳಿ ಮೇಣದಬತ್ತಿ ಉಜ್ಜಿ. ಟಿಚ್ ಬಟನ್‌ಗೆ ಒಂಚೂರು ವ್ಯಾಸಲಿನ್. ಟಿಚ್ ಬಿಚ್ಚುವಾಗ ಬಟ್ಟೆ ಹಿಡಿದು ಎಳೆಯಬಾರದು, ಬಟನ್ ಬುಡಕ್ಕೆ ಬೆರಳು ಹಾಕಿ ಎತ್ತಬೇಕು.

ಕಿಟಕಿಗೆ ನಾನು ಹಾಕುವುದು 303 ಪ್ರೊಟೆಕ್ಟೆಂಟ್, ಪ್ಲಾಸ್ಟಿಕ್ ಕಾಪಾಡುವ ಸ್ಪ್ರೇ. ದುಬಾರಿಯೇ. ಆದರೆ ಅದರಲ್ಲಿ ಪೆಟ್ರೋಲಿಯಂ ಥಿನ್ನರ್ ಇಲ್ಲ, ಬಿಸಿಲಿಗೂ ತಡೆ. ಹಾಕಿ ಹಾಗೇ ಬಿಟ್ಟರೆ ಗೆರೆ ಉಳಿಯುತ್ತದೆ, ಒಣಗುವ ತನಕ ಒರೆಸಬೇಕು. ಬಟ್ಟೆಯ ಭಾಗಕ್ಕೆ ಇದಲ್ಲ, ಅದಕ್ಕೆ ನೀರು ನಿಲ್ಲದ ಹಾಗೆ ಮಾಡುವ ಫ್ಯಾಬ್ರಿಕ್ ಸ್ಪ್ರೇ ಬೇರೆ. ವಾಟರ್ ವಾಶ್‌ನವರು ಕೊನೆಗೆ ಪುಕ್ಕಟೆ ಬಳಿಯುವ ಹೊಳಪಿನ ಟೈರ್ ಪಾಲಿಶ್ ಇದೆಯಲ್ಲ, ಟಾಪ್ ಹತ್ತಿರ ತರಲೂ ಬಿಡಬೇಡಿ. ಪ್ರೆಶರ್ ಗನ್ ಹೊಲಿಗೆ ಮೇಲೆ ಹಿಡಿದರೂ ಬೈಯಿರಿ. ಅಮೋನಿಯಾ ಇರುವ ಗಾಜಿನ ಲಿಕ್ವಿಡ್, ಪೆಟ್ರೋಲ್, ಥಿನ್ನರ್ ಯಾವುದೂ ಬೇಡ. ಹಲಸಿನ ಮರದ ಕೆಳಗೆ ನಿಲ್ಲಿಸಿ ಮೇಣ ಬಿತ್ತು ಅಂತ ಸೀಮೆಎಣ್ಣೆ ಹಚ್ಚಿದವರೂ ನಮ್ಮ ಗುಂಪಿನಲ್ಲಿದ್ದಾರೆ, ಹೆಸರು ಹೇಳೋಲ್ಲ.

ನಿಮ್ಮ ಕಿಟಕಿ ವಿಷಯಕ್ಕೆ ಬರೋಣ. ಕಂಪನಿ ಪೀಸ್ ಪೂರ್ತಿ ಬದಲಿಸುವ ಮುಂಚೆ ಜೀಪ್ ಹುಡ್ ಹೊಲಿಯುವ ಒಳ್ಳೆ ಕುಶನ್ ಅಂಗಡಿಗೆ ತೋರಿಸಿ. ಝಿಪ್ ಚೆನ್ನಾಗಿದ್ದರೆ ಪ್ಲಾಸ್ಟಿಕ್ ಮಾತ್ರ ಬಿಚ್ಚಿ ಹೊಸದು ಹೊಲಿಯಬಹುದು. ಮೇಜಿಗೆ ಹಾಸುವ ತೆಳು ಶೀಟು ಹಾಕಿಬಿಟ್ಟಾರು, ಕೈಯಲ್ಲಿ ಮುಟ್ಟಿ ಹಳೆಯದರ ದಪ್ಪಕ್ಕೆ ತಾಳೆ ನೋಡಿ. ದಾರ ಪಾಲಿಯೆಸ್ಟರ್ ಇರಲಿ, ಬಿಸಿಲಿಗೆ ನೈಲಾನ್‌ಗಿಂತ ಬಾಳಿಕೆ. ಹೊಲಿಗೆ ತೀರ ಸಣ್ಣದಾಗಿ ಹಾಕಬೇಡಿ ಅನ್ನಿ. ತೂತು ಒತ್ತೊತ್ತಾಗಿ ಬಿದ್ದರೆ ಪ್ಲಾಸ್ಟಿಕ್ ಅದೇ ಸಾಲಿನಲ್ಲಿ ಹರಿಯುತ್ತದೆ. ಏಪ್ರಿಲ್ ಒಳಗೇ ಕೊಡಿ. ಮಳೆ ಹತ್ತಿರ ಬಂದರೆ ಟಾರ್ಪಾಲು ಹೊಲಿಸುವವರ ಸಾಲು ಹತ್ತುತ್ತದೆ, ಆಗ ನಿಮ್ಮ ಕಿಟಕಿಯನ್ನು ಅವರು ಮೂಲೆಗೆ ಮಡಚಿ ಎಸೆಯುತ್ತಾರೆ.