ಓದುಗರ ಪ್ರಶ್ನೆ: ಹಳೇ ಲ್ಯಾಪ್‌ಟಾಪ್‌ನಾಗ ಗೇಮ್ ಮಾಡಾಕ ಬರ್ತೈತೇನ್ರಿ?

ಪ್ರಶ್ನೆ: ಸರ್, ನನ್ ಮಗ ಒಂಬತ್ತನೇ ಕ್ಲಾಸು. ಅಂಜನಾದ್ರಿ ಮೆಟ್ಟಲ ಹತ್ತೋ ಮಂಗ್ಯಾನ ಗೇಮ್ ಮಾಡ್ತೀನಂತ ಗಂಟುಬಿದ್ದಾನ್ರಿ. ಯಾವ್ದೋ ದೊಡ್ಡ ಸಾಫ್ಟ್‌ವೇರ್ ಇಳಿಸಾಕ ಹೋಗಿ ಡೇಟಾ ಎಲ್ಲಾ ಖಾಲಿ, ಆಮ್ಯಾಲ ಲ್ಯಾಪ್‌ಟಾಪ್ ಹ್ಯಾಂಗ್. 4 ಜಿಬಿ ರ‍್ಯಾಮ್ ಐತಿ. ರೊಕ್ಕ ಕೊಡಲಾರದ ಕಲಿಯಾಕ ಯಾವ್ದು ಚಲೋ?
– ಗಂಗಾವತಿಯ ಓದುಗರು

ಉತ್ತರ: ಯೂನಿಟಿ, ಅನ್‌ರಿಯಲ್ ಅನ್ನೋ ಗೇಮ್ ಮಾಡೋ ದೊಡ್ಡ ಸಾಫ್ಟ್‌ವೇರ್ ಎಲ್ಲಾ ಕಲಿಯೋರಿಗೆ ಪುಕ್ಕಟೆ ಸಿಗ್ತಾವು ನಿಜ, ಆದ್ರ ಹಾಕ್ಕೊಳ್ಳಾಕನ ಹಲವು ಜಿಬಿ ಬೇಕು, 4 ಜಿಬಿ ರ‍್ಯಾಮ್‌ನಾಗ ಏದುಸಿರು ಬಿಡ್ತಾವು. ಒಂದು ಮಂಗ್ಯಾ ಜಿಗಿಯಾಕ ಅಷ್ಟೆಲ್ಲಾ ಯಾಕ್ರಿ?

ಮೊದ್ಲು ಸ್ಕ್ರ್ಯಾಚ್ ಹಾಕ್ಕೊಡ್ರಿ. ಅಮೆರಿಕಾದ ಎಂಐಟಿ ಅನ್ನೋ ವಿಶ್ವವಿದ್ಯಾಲಯದವ್ರು 2007ರಾಗ ಬಿಟ್ಟಿದ್ದು, ಪೂರ್ತಿ ಫ್ರೀ, ಒಂದ್ಸಲ ಇಳಿಸ್ಕೊಂಡ್ರ ನೆಟ್ ಇಲ್ಲದಾಗೂ ನಡಿತೈತಿ. ಬಣ್ಣದ ಬ್ಲಾಕ್ ಜೋಡಿಸೋದು ನೋಡಿ ಇದು ಸಣ್ಣ ಹುಡುಗ್ರದು ಅಂತ ಮಗ ಮೂಗು ಮುರಿತಾನ, ಮುರೀಲಿ ಬಿಡ್ರಿ, ಜಿಗಿಯೋ ಲೆಕ್ಕಕ್ಕ ಬಂದಾಗ ತಾನ ಕುಂದರ್ತಾನ. ‘ವೇಗ’ ಅಂತ ಒಂದು ವೇರಿಯಬಲ್ (ಬದಲಾಗೋ ಸಂಖ್ಯೆ ಇಡೋ ಡಬ್ಬಿ) ಇಡ್ಲಿ, ಸ್ಪೇಸ್ ಒತ್ತಿದ್ರ ಅದು 12 ಆಗ್ಬೇಕು, ಲೂಪ್‌ನಾಗ ಪ್ರತಿ ಸುತ್ತಿಗೂ ಮಂಗ್ಯಾನ ವೈ ಬೆಲೆಗೆ (ಎಷ್ಟು ಎತ್ತರದಾಗ ಅದಾನ ಅನ್ನೋ ಲೆಕ್ಕಕ್ಕ) ವೇಗ ಕೂಡಿಸಿ ಆಮ್ಯಾಲ ವೇಗದಾಗ 1 ಕಳಿಬೇಕು. 12, 11, 10 ಅಂತ ಮ್ಯಾಲ ಹೋಗಿ ಸೊನ್ನೆ ದಾಟಿ ಮೈನಸ್ ಆದ ಮ್ಯಾಲ ಕೆಳಗ ಬೀಳ್ತಾನ. ಕೂಡಿಸಿ ನೋಡ್ರಿ, ಜಿಗಿತ 78 ಆಗ್ತೈತಿ, ಸ್ಕ್ರ್ಯಾಚ್ ಪರದೆ ಎತ್ತರ 360, ಅಂದ್ರ ಮೆಟ್ಟಲ ನಡುವಿನ ಅಂತರ 78ಕ್ಕಿಂತ ಕಮ್ಮಿ ಇರ್ಬೇಕು ಅಂತ ಅವಂಗನ ತಿಳಿತೈತಿ. ಬೀಳುವಾಗ ಮೆಟ್ಟಲ ಮುಟ್ಟಿದ್ರ ವೇಗ ಸೊನ್ನೆ ಮಾಡ್ಬೇಕು, ಮತ್ತ ಮೆಟ್ಟಲ ಮ್ಯಾಲ ನಿಂತಾಗಷ್ಟ ಜಿಗಿಯಾಕ ಬಿಡ್ಬೇಕು, ಇಲ್ಲಾಂದ್ರ ಗಾಳ್ಯಾಗನ ಜಿಗಿತಾ ಹನುಮಪ್ಪ ಲಂಕಾಕ್ಕ ಹೊಂಟುಬಿಡ್ತಾನ! 575 ಮೆಟ್ಟಲಾನೂ ಬರಿಯೋದು ಬ್ಯಾಡ, ಒಂದು ಬರೆದು ಕ್ಲೋನ್ (ನಕಲು) ಮಾಡಿದ್ರಾತು.

ಚಿತ್ರ ಬರಿಯಾಕ ಬ್ರೌಸರ್‌ನಾಗನ ನಡೆಯೋ ಪಿಸ್ಕೆಲ್ ಅನ್ನೋ ಸಾಧನ ಐತಿ. ಗೂಗಲ್‌ನಾಗಿಂದ ಕಂಡೋರ ಫೋಟೋ ಎತ್ತಿ ಹಾಕ್ಬ್ಯಾಡ್ರಿ.

ಇದೊಂದು ಗೇಮ್ ಪೂರ್ತಿ ಮುಗಿಸಿದ ಮ್ಯಾಲ ಗೋಡೋ ಅನ್ನೋ ಗೇಮ್ ಮಾಡೋ ಸಾಫ್ಟ್‌ವೇರ್. 2014ರಿಂದ ಓಪನ್ ಸೋರ್ಸ್ (ಅದ್ರ ಕೋಡ್ ಎಲ್ಲಾರಿಗೂ ಮುಕ್ತ), ಝಿಪ್ ಬಿಚ್ಚಿದ್ರ ಸಾಕು ನಡಿತೈತಿ, ಇನ್‌ಸ್ಟಾಲ್ ಬ್ಯಾಡ. ಹೊಸ ಪ್ರಾಜೆಕ್ಟ್ ಮಾಡುವಾಗ ‘ಕಂಪ್ಯಾಟಿಬಿಲಿಟಿ’ ಅನ್ನೋ ರೆಂಡರರ್ (ಪರದೆ ಮ್ಯಾಲ ಚಿತ್ರ ಮೂಡಿಸೋ ಭಾಗ) ಆರಿಸ್ರಿ, ಹಳೇ ಮಷಿನ್‌ಗೆ ಅದ ಸೈ. ಅದ್ರಾಗ ಕೋಡ್ ಬರಿಯೋ ಭಾಷೆ ಜಿಡಿಸ್ಕ್ರಿಪ್ಟ್, ನೋಡಾಕ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಹಂಗ ಐತಿ. ಪೈಥಾನೇ ಕಲಿತೀನಂದ್ರ ಅದ್ರಾಗ ಗೇಮ್ ಮಾಡಾಕ ಪೈಗೇಮ್ ಐತಿ, ಅದೂ ಹಗುರ, ಆದ್ರ ಅದ್ರಾಗ ಎಳೆದು ಕೂಡಿಸೋ ಎಡಿಟರ್ ಇಲ್ಲ, ಮೆಟ್ಟಲ ಎಲ್ಲಿ ಇಡೋದು ಅನ್ನೋದೂ ಕೋಡ್‌ನಾಗನ ಬರಿಬೇಕು, ನನಗ ಕೇಳಿದ್ರ ಒಂಬತ್ತನೇ ಕ್ಲಾಸಿನವಂಗ ಅದು ಬ್ಯಾಸರ.

ಪ್ರಶ್ನೆ: ನನ್ ಹತ್ರ ಬರೇ ಮೊಬೈಲ್ ಅದರೀ. ಗೇಮ್ ಮಾಡಿ ಪ್ಲೇ ಸ್ಟೋರ್‌ನಾಗ ಹಾಕ್ಲಿಕ್ಕ ಬರ್ತದೇನು?
– ರಾಯಚೂರಿನ ಓದುಗರು

ಉತ್ತರ: ಆಂಡ್ರಾಯ್ಡ್ ಇದ್ರ ಪಾಕೆಟ್ ಕೋಡ್ ಹಾಕ್ಕೋರಿ, ಫ್ರೀ, ಸ್ಕ್ರ್ಯಾಚ್ ಹಂಗ ಬ್ಲಾಕ್ ಜೋಡಿಸೋದು. ಗೋಡೋನೂ ಆಂಡ್ರಾಯ್ಡ್‌ನಾಗ ಬರ್ತದ, ಖರೇ ಆದ್ರ ಸಣ್ಣ ಪರದೆ ಮ್ಯಾಲ ಬೆರಳಿಗೆ ಸಾಕುಸಾಕಾಗ್ತದ. ಪ್ಲೇ ಸ್ಟೋರ್ ಡೆವಲಪರ್ ಖಾತೆಗೆ ಒಂದ್ಸಲ 25 ಡಾಲರ್ ಕಟ್ಟಬೇಕು, ಕಲಿಯೋ ಟೈಮಿನಾಗ ಅದರ ಗೊಡವಿ ಬ್ಯಾಡ, ಗೋಡೋದಾಗ ಮಾಡಿದ್ದನ್ನ ಇಚ್ ಡಾಟ್ ಐಒ ಸೈಟ್‌ನಾಗ ಫ್ರೀ ಹಾಕ್ಲಿಕ್ಕ ಬರ್ತದ, ಲಿಂಕ್ ಕಳಿಸಿದ್ರ ಗೆಳೆಯರು ಆಡ್ತಾರ.