ಹೊಟ್ಟೆಯ ಕೆಂಪು ಕಲೆಗೆ ಮುಲಾಮು ಹಚ್ಚುವ ಮೊದಲು

ನೀವು ಸಾಕಿರುವ ಬಾಲ್ ಪೈಥಾನ್ ಹಾವಿನ ಹೊಟ್ಟೆ ಮೇಲೆ ಕೆಂಪು ಕಲೆ ಎದ್ದಿದೆ, ಯಾವ ಮುಲಾಮು ಹಚ್ಚಲಿ ಅಂತ ಕೇಳಿದ್ದೀರಿ. ಮುಲಾಮು ಆಮೇಲೆ. ಮೊದಲು ಅದರ ಕಣ್ಣು ನೋಡಿ. ಕಣ್ಣು ಹಾಲುಗಟ್ಟಿದ ಹಾಗೆ ಮಂಜಾಗಿ, ಮೈ ಬಣ್ಣ ಮಾಸಿದ್ದರೆ ಅದು ಪೊರೆ ಬಿಡುವ ಸಮಯ. ಆಗ ಹೊಟ್ಟೆ ತೆಳು ಗುಲಾಬಿ ಆಗುವುದು ಸಹಜ. ಸುಮ್ನೆ ಬಿಟ್ಟುಬಿಡಿ, ಎತ್ತಲೂ ಹೋಗಬೇಡಿ.

ಪೊರೆ ಬಿಟ್ಟ ಮೇಲೂ ಕೆಂಪು ಉಳಿದಿದ್ದರೆ, ಹುರುಪೆಯ (ಮೈಮೇಲಿನ ಚಿಪ್ಪಿನ) ಅಂಚು ಕಂದು ತಿರುಗಿದ್ದರೆ, ನೀರುಗುಳ್ಳೆ ಇದ್ದರೆ, ಅದು ಹುರುಪೆ ಕೊಳೆಯುವ ರೋಗ ಇರಬಹುದು. ಒದ್ದೆ, ಗಲೀಜು ನೆಲದ ಮೇಲೆ ದಿನಗಟ್ಟಲೆ ಮಲಗಿದರೆ ಬ್ಯಾಕ್ಟೀರಿಯಾ ಒಳಗಿಳಿಯುತ್ತವೆ. ನನ್ನ ಹಾವಿಗೂ ಹೀಗಾಗಿತ್ತು. ನೀರಿನ ಬಟ್ಟಲಿನ ಕೆಳಗೆ, ನೆಲಕ್ಕೆ ಹಾಸಿದ್ದ ತೊಗಟೆ ಪುಡಿ ಒದ್ದೆಯಾಗಿದ್ದು ನನಗೆ ಗೊತ್ತೇ ಆಗಿರಲಿಲ್ಲ.

ಇಲ್ಲಿ ತುಂಬಾ ಜನ ಗಾಬರಿಯಿಂದ ಹಾವು ಇರುವ ಇಡೀ ಪೆಟ್ಟಿಗೆಯನ್ನೇ ಒಣಗಿಸಿಬಿಡುತ್ತಾರೆ. ಆಗ ಮುಂದಿನ ಪೊರೆ ಚೂರುಚೂರಾಗಿ ಅಂಟಿಕೊಳ್ಳುತ್ತದೆ. ಒಣಗಬೇಕಾದ್ದು ನೆಲ, ಗಾಳಿ ಅಲ್ಲ. ಗಾಳಿಯಲ್ಲಿ ತೇವಾಂಶ ಶೇ. 60ರ ಆಸುಪಾಸು ಇರಲಿ. ನೆಲಕ್ಕೆ ಬಿಳಿ ಟಿಶ್ಯೂ ಪೇಪರ್ ಹಾಸಿ, ದಿನಾ ಬದಲಿಸಿ. ಬಿಳಿ ಆದರೆ ರಕ್ತ, ಕೀವು, ಮೈಟ್ ಹುಳ ಎಲ್ಲ ಕಣ್ಣಿಗೆ ಬೀಳುತ್ತವೆ. ಪೆಟ್ಟಿಗೆಯ ಬೆಚ್ಚಗಿನ ಬದಿ 31ರಿಂದ 33 ಡಿಗ್ರಿ ಇರಬೇಕು. ಮೈ ತಣ್ಣಗಿದ್ದರೆ ಹಾವಿಗೆ ರೋಗದ ಜೊತೆ ಹೋರಾಡುವ ಶಕ್ತಿಯೇ ಇರುವುದಿಲ್ಲ, ಯಾವ ಔಷಧಿಯೂ ಸರಿಯಾಗಿ ಹಿಡಿಯುವುದಿಲ್ಲ.

ಕಲೆ ಸಣ್ಣದಿದ್ದರೆ ಪೊವಿಡೋನ್ ಅಯೋಡಿನ್ ಅನ್ನು ಉಗುರುಬೆಚ್ಚಗಿನ ನೀರಿಗೆ ತೆಳು ಟೀ ಬಣ್ಣ ಬರುವಷ್ಟೇ ಬೆರೆಸಿ. ಹೊಟ್ಟೆ ಮುಳುಗುವಷ್ಟು ನೀರು ಸಾಕು. ದಿನಕ್ಕೊಮ್ಮೆ ಹತ್ತು ನಿಮಿಷ ಇಟ್ಟು, ಚೆನ್ನಾಗಿ ಒರೆಸಿ ಬಿಡಿ. ಆ ಹತ್ತು ನಿಮಿಷ ಪಕ್ಕದಲ್ಲೇ ಇರಿ, ಹಾವು ಆ ನೀರು ಕುಡಿಯಬಾರದು. ಗುಳ್ಳೆ ಮಾತ್ರ ಒಡೆಯಬೇಡಿ. ಎಣ್ಣೆ ಕೂಡ ಬೇಡ.

ಗುಳ್ಳೆ ಹರಡುತ್ತಿದ್ದರೆ, ವಾಸನೆ ಬರುತ್ತಿದ್ದರೆ, ಊಟ ಬಿಟ್ಟಿದ್ದರೆ ಕಾಯಬೇಡಿ. ಹಾವು ನೋಡಿ ಅಭ್ಯಾಸ ಇರುವ ಪಶುವೈದ್ಯರ ಹತ್ತಿರ ಹೋಗಿ. ಸೋಂಕು ರಕ್ತಕ್ಕೆ ಇಳಿದರೆ ಜೀವಕ್ಕೇ ಅಪಾಯ. ತಲೆ, ಮೂತಿಯ ಮೇಲೆ ಗಟ್ಟಿ ಹಕ್ಕಳೆ ಕಂಡರೂ ಅಷ್ಟೇ. ಅದು ಶಿಲೀಂಧ್ರ ಇರಬಹುದು, ಲ್ಯಾಬ್ ಪರೀಕ್ಷೆ ಇಲ್ಲದೆ ಹೇಳಲಾಗದು.

ಇನ್ನೊಂದು ಅನುಮಾನ. ಕಲೆ ಒಂದೇ ಕಡೆ ದೊಡ್ಡದಾಗಿದ್ದರೆ ಹೀಟ್ ಮ್ಯಾಟ್‌ನಿಂದ (ಪೆಟ್ಟಿಗೆ ಬೆಚ್ಚಗಿಡುವ ವಿದ್ಯುತ್ ಹಾಸು) ಆದ ಸುಟ್ಟ ಗಾಯ ಇರಬಹುದು. ಹೊಟ್ಟೆ ಸುಡುತ್ತಿದ್ದರೂ ಹಾವು ಎಷ್ಟೋ ಸಲ ಜಾಗ ಬಿಟ್ಟು ಏಳುವುದಿಲ್ಲ. ನಿಮ್ಮ ಮ್ಯಾಟ್‌ಗೆ ಥರ್ಮೋಸ್ಟ್ಯಾಟ್, ಅಂದರೆ ಬಿಸಿ ಮಿತಿಮೀರದಂತೆ ತಡೆಯುವ ಸಾಧನ, ಇದೆ ಅಲ್ವಾ? ಇಲ್ಲದಿದ್ದರೆ ಈಗಲೇ ಆಫ್ ಮಾಡಿ, ಬೇರೆ ರೀತಿ ಬೆಚ್ಚಗಿಡಿ.

ಹಗಲು ಬೆಳಕಲ್ಲಿ ಹೊಟ್ಟೆಯ ಫೋಟೋ ತೆಗೆದು ಹಾಕಿ. ಮ್ಯಾಟ್ ಮೇಲಿನ ಉಷ್ಣಾಂಶ ಎಷ್ಟಿತ್ತು, ಕಳೆದ ಪೊರೆ ಇಡಿಯಾಗಿ ಬಂತಾ ಅಂತಲೂ ಬರೆಯಿರಿ.