ವಾಲ್ವ್ ಕೊಳ್ಳುವ ಮುಂಚೆ ಮೀಟರ್ ಹಿಡಿಯಿರಿ

ಈ ಸಲ ಬಂದ ಪತ್ರಗಳಲ್ಲಿ ವಾಲ್ವ್ ಆಂಪ್ಲಿಫೈಯರ್ (ಗಾಜಿನ ವಾಲ್ವ್ ಹಾಕಿ ಸದ್ದು ಹಿಗ್ಗಿಸುವ ಸೆಟ್) ಬಗ್ಗೆ ಕೇಳಿದವರೇ ಜಾಸ್ತಿ. ಹಳೇ ಸೆಟ್ಟನ್ನು ಅಟ್ಟದಿಂದ ಇಳಿಸಿದವರೂ ಇದ್ದಾರೆ, ಹೊಸದು ಕೊಂಡವರೂ ಇದ್ದಾರೆ. ಉತ್ತರಕ್ಕೆ ಮೊದಲು ಒಂದು ಮಾತು. ಇವುಗಳ ಒಳಗೆ 300 ವೋಲ್ಟ್, ಕೆಲವು ಸಲ ಅದಕ್ಕೂ ಜಾಸ್ತಿ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕಂಡೆನ್ಸರ್‌ಗಳಲ್ಲಿ ಅದು ಉಳಿದಿರಬಹುದು. ಆರಿಸಿ, ತಣ್ಣಗಾದ ಮೇಲೆ ಮೇಲಿನಿಂದ ವಾಲ್ವ್ ತೆಗೆದು ಹಾಕುವುದು ಯಾರಾದರೂ ಮಾಡಬಹುದಾದ ಕೆಲಸ. ಷಾಸಿ (ಸೆಟ್ಟಿನ ಲೋಹದ ಚೌಕಟ್ಟು) ತಿರುಗಿಸಿ ಅಳೆಯುವುದು ಹಾಗಲ್ಲ. ಕೆಳಗೆ ಎಲ್ಲೆಲ್ಲಿ ಅಳೆಯಿರಿ ಎಂದಿದ್ದೇನೋ, ಅಭ್ಯಾಸ ಇಲ್ಲದವರು ದಯವಿಟ್ಟು ಮೆಕ್ಯಾನಿಕ್ ಕೈಲಿ ಅಳೆಸಿ.

ಪ್ರಶ್ನೆ: ಅಪ್ಪ 1960ರ ದಶಕದಲ್ಲಿ ಕೊಂಡ ಸ್ಟೀರಿಯೋ ಆಂಪ್ಲಿಫೈಯರ್ ಇದೆ. ನಾಲ್ಕು ಇಎಲ್84, ನಾಲ್ಕು ಇಸಿಸಿ83, ಒಂದು ಜಿಝೆಡ್34. ಎಡಗಡೆ ಸದ್ದು ಕಮ್ಮಿ. ಜೋರು ಮಾಡಿದರೆ ಒಡೆದು ಕೇಳುತ್ತದೆ. ಒಂಬತ್ತೂ ವಾಲ್ವ್ ಬದಲಿಸಬೇಕು ಎಂದು ಅಂಗಡಿಯಲ್ಲಿ ಹೇಳಿದರು. ಯಾವ ಕಂಪನಿಯದು ತರಿಸಲಿ, ಸರ್?
(ಶಿವಮೊಗ್ಗದಿಂದ)

ಉತ್ತರ: ಈಗಲೇ ಏನೂ ತರಿಸಬೇಡಿ. ನಿಮ್ಮ ಸೆಟ್ಟಿನ ಇಸಿಸಿ83ಗಳು ಮೊದಲು ಸಣ್ಣ ಸಂಕೇತವನ್ನು ಹಿಗ್ಗಿಸುತ್ತವೆ, ಇಎಲ್84ಗಳು ಕೊನೆಯಲ್ಲಿ ಸ್ಪೀಕರನ್ನು ನಡೆಸುವ ಔಟ್‌ಪುಟ್ ವಾಲ್ವ್. ಒಂದು ಕಡೆ ಮಾತ್ರ ಕೆಟ್ಟಿದೆ ಅಂದರೆ ಇನ್ನೊಂದು ಕಡೆಯ ವಾಲ್ವ್‌ಗಳು ಕೆಲಸ ಮಾಡುತ್ತಿವೆ ಅಂತಲೇ ಅರ್ಥ. ಜಿಝೆಡ್34 ಎಸಿಯನ್ನು ಡಿಸಿ ಮಾಡಿ ಎರಡೂ ಕಡೆಗೆ ಕರೆಂಟ್ ಕೊಡುವ ರೆಕ್ಟಿಫೈಯರ್. ಬಲಗಡೆ ಸರಿ ಕೇಳುತ್ತಿದ್ದರೆ ಅದರ ಮೇಲೆ ಅನುಮಾನ ಪಡಬೇಕಿಲ್ಲ. ಹಳೇ ಜಿಝೆಡ್34 ಬಹಳ ಗಟ್ಟಿ. ಅಳೆಯದೆ ಅದನ್ನು ಎಸೆಯುವುದು ನಷ್ಟ.

ನಿಮ್ಮದು ಸ್ಟೀರಿಯೋ ಆಗಿರುವುದು ಒಳ್ಳೇದೇ ಆಯಿತು. ಹೋಲಿಸಿ ನೋಡಲು ಸರಿಯಾದ ಅರ್ಧ ಪಕ್ಕದಲ್ಲೇ ಇದೆ. ಮೊದಲು ಎಡಗಡೆಯ ಇಸಿಸಿ83ಗಳನ್ನು ಬಲಕ್ಕೆ, ಬಲದವನ್ನು ಎಡಕ್ಕೆ ಹಾಕಿ. ಪ್ರತಿ ಸಲ ಆರಿಸಿ, ಪ್ಲಗ್ ಕಿತ್ತು, ತಣ್ಣಗಾಗಲು ಬಿಡಿ. ದೋಷ ಬಲಕ್ಕೆ ಹೋಯಿತಾ? ಹಾಗಾದರೆ ಆ ಇಸಿಸಿ83ಗಳಲ್ಲೇ ಒಂದು ಕೆಟ್ಟಿದೆ. ಹೋಗಲಿಲ್ಲ ಅಂದರೆ ಇಎಲ್84 ಜೋಡಿಗಳನ್ನು ಹಾಗೆಯೇ ಅದಲುಬದಲು ಮಾಡಿ. ಸ್ಪೀಕರ್ ತಂತಿ ಬಿಚ್ಚಿಟ್ಟು ಮಾತ್ರ ಆನ್ ಮಾಡಲೇಬೇಡಿ. ಸ್ಪೀಕರಿನ ಲೋಡ್ ಇಲ್ಲದೆ ಜೋರು ಮಾಡಿದರೆ, ವಾಲ್ವಿಗೂ ಸ್ಪೀಕರಿಗೂ ನಡುವೆ ಇರುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರೇ ಸುಡಬಹುದು. ವಾಲ್ವ್ ಸಿಗುತ್ತದೆ, ಆ ಟ್ರಾನ್ಸ್‌ಫಾರ್ಮರ್ ಸಿಗುವುದಿಲ್ಲ.

ಇಎಲ್84 ಬದಲಿಸಿ ಆನ್ ಮಾಡಿದಾಗ ಕೋಣೆಯ ದೀಪ ಆರಿಸಿ ವಾಲ್ವ್‌ಗಳನ್ನೇ ನೋಡುತ್ತಿರಿ. ಒಳಗಿನ ಬೂದುಬಣ್ಣದ ಪ್ಲೇಟ್ ಕೆಂಪಾಗತೊಡಗಿದರೆ ತಕ್ಷಣ ಆರಿಸಿ. ವಾಲ್ವ್ ಬದಲಾದರೂ ಅದೇ ಎಡಗಡೆ ಸಾಕೆಟ್ಟಿನಲ್ಲಿ ಕೆಂಪಾಗುತ್ತಿದೆ ಅಂದರೆ ತಪ್ಪು ವಾಲ್ವಿನದಲ್ಲ. ಬಹುಮಟ್ಟಿಗೆ ಕಪ್ಲಿಂಗ್ ಕಂಡೆನ್ಸರಿನದು (ಹಿಂದಿನ ವಾಲ್ವಿನಿಂದ ಸಂಕೇತವನ್ನು ಮಾತ್ರ ದಾಟಿಸಿ ಡಿಸಿಯನ್ನು ತಡೆಯುವ ಕಂಡೆನ್ಸರ್). ಆ ಕಾಲದ ಕಾಗದದ ಕಂಡೆನ್ಸರ್‌ಗಳು ಇಷ್ಟು ವರ್ಷ ಆದ ಮೇಲೆ ಸೋರುತ್ತವೆ. ಹಿಂದಿನ ವಾಲ್ವಿನ ಪ್ಲೇಟ್ ವೋಲ್ಟೇಜು ಸ್ವಲ್ಪ ಸ್ವಲ್ಪ ಇಎಲ್84ರ ಗ್ರಿಡ್ಡಿಗೆ, ಅಂದರೆ ವಾಲ್ವಿನ ಕರೆಂಟನ್ನು ಹತೋಟಿಯಲ್ಲಿಡುವ ಜಾಲರಿಗೆ, ಬರುತ್ತದೆ. ಗ್ರಿಡ್ ಪಾಸಿಟಿವ್ ಆದರೆ ವಾಲ್ವ್ ಮಿತಿಮೀರಿ ಕರೆಂಟ್ ಎಳೆಯುತ್ತದೆ. ಸದ್ದು ಒಡೆಯುತ್ತದೆ, ವಾಲ್ವ್ ಸಾಯುತ್ತದೆ. ಎಷ್ಟು ದುಬಾರಿಯದು ಹಾಕಿದರೂ ಅದೂ ಸಾಯುತ್ತದೆ.

ಇದನ್ನು ಪತ್ತೆಹಚ್ಚುವುದು ಹೀಗೆ. ಇಎಲ್84ರ 2ನೇ ಪಿನ್ ಗ್ರಿಡ್. ಅಲ್ಲಿಂದ ಷಾಸಿಗೆ ಡಿಸಿ ವೋಲ್ಟೇಜ್ ನೋಡಿಸಿ. ನಿಮ್ಮ ಸೆಟ್ಟಿನಂಥವುಗಳಲ್ಲಿ ಸಾಮಾನ್ಯವಾಗಿ ಕ್ಯಾಥೋಡ್ ಬಯಾಸ್ ಇರುತ್ತದೆ. ಅಂದರೆ ಕ್ಯಾಥೋಡಿಗೆ (ಎಲೆಕ್ಟ್ರಾನ್ ಹೊರಬಿಡುವ ಭಾಗಕ್ಕೆ) ಹಾಕಿದ ರೆಸಿಸ್ಟರ್ ವಾಲ್ವಿನ ಕರೆಂಟ್ ಎಷ್ಟಿರಬೇಕು ಎಂದು ನಿರ್ಧರಿಸುತ್ತದೆ. ಆಗ ಗ್ರಿಡ್ಡಿನಲ್ಲಿ ಸೊನ್ನೆ ಬರಬೇಕು. ಪಾಸಿಟಿವ್ ಬಂದರೆ ಆರಿಸಿ, ಆ ಕಡೆಯ ಎರಡೂ ಇಎಲ್84 ತೆಗೆದು, ಮತ್ತೆ ನೋಡಬೇಕು. ವಾಲ್ವ್ ಇಲ್ಲದಾಗಲೂ ಪಾಸಿಟಿವ್ ಬಂತು ಅಂದರೆ ಕಂಡೆನ್ಸರ್ ಸೋರುತ್ತಿದೆ. ವಾಲ್ವ್ ಇದ್ದಾಗ ಮಾತ್ರ ಬಂತು ಅಂದರೆ ವಾಲ್ವಿನೊಳಗೆ ಗ್ಯಾಸ್ ಸೇರಿದೆ. ನಾಲ್ಕೂ ಕಪ್ಲಿಂಗ್ ಕಂಡೆನ್ಸರ್ ಬದಲಿಸಲು ಆಗುವ ಖರ್ಚು ಒಂದು ವಾಲ್ವಿನ ಬೆಲೆಯೂ ಇಲ್ಲ. ಆ ಕೆಲಸ ಮುಗಿಯದೆ ಹೊಸ ಇಎಲ್84 ಹಾಕಬೇಡಿ ಎಂದು ಒತ್ತಿ ಹೇಳುತ್ತೇನೆ.

ಇನ್ನು ಯಾವುದು ಕೊಳ್ಳುವುದು? ಇಎಲ್84ಕ್ಕೆ ಅಮೆರಿಕದ ಹೆಸರು 6ಬಿಕ್ಯೂ5. ಎರಡೂ ಒಂದೇ. ಈಗ ಹೊಸದಾಗಿ ತಯಾರಾಗುತ್ತಿರುವುದರಲ್ಲಿ ಸ್ಲೊವಾಕಿಯಾದ ಜೆಜೆ, ರಷ್ಯಾದ ಸರಾತೋವ್‌ನಿಂದ ಬರುವ ಎಲೆಕ್ಟ್ರೋ ಹಾರ್ಮೋನಿಕ್ಸ್, ಸೋವ್ಟೆಕ್ ಇವೆ. ಇವುಗಳಲ್ಲಿ ಯಾವುದಾದರೂ ಆಗುತ್ತದೆ. ಹೆಸರಿಗಿಂತ ಜೋಡಿ ಮುಖ್ಯ. ಒಂದೊಂದು ಕಡೆಯ ಎರಡು ಇಎಲ್84 ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನು ಎದುರುಬದುರು ಎಳೆಯುತ್ತವೆ. ಎರಡರ ಕರೆಂಟ್ ಸಮ ಇದ್ದರೆ ಟ್ರಾನ್ಸ್‌ಫಾರ್ಮರಿನ ಕಬ್ಬಿಣದೊಳಗೆ ಒಂದನ್ನೊಂದು ರದ್ದು ಮಾಡುತ್ತವೆ. ಸಮ ಇಲ್ಲದಿದ್ದರೆ ಹಮ್ (ಗುಂಯ್ ಎನ್ನುವ ಸದ್ದು) ಜಾಸ್ತಿ, ಮೃದಂಗದ ಎಡಗಡೆಯ ಗುಂಕಿ ಸೊರಗುತ್ತದೆ. ಹಾಗಾಗಿ ಮ್ಯಾಚ್ಡ್ ಪೇರ್ ಕೇಳಿ. ಡಬ್ಬಿಯ ಮೇಲೆ ಅಳತೆ ಮಾಡಿದ ಕರೆಂಟ್ ಬರೆದಿರಬೇಕು.

ಇನ್ನೊಂದು ದಾರಿಯೂ ಇದೆ. ನಮ್ಮ ಬೆಂಗಳೂರಿನ ಜಾಲಹಳ್ಳಿಯ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) 1961ರಲ್ಲಿ ರಿಸೀವಿಂಗ್ ವಾಲ್ವ್ (ರೇಡಿಯೋ ಸೆಟ್ಟಿನಂಥವುಗಳ ಸಣ್ಣ ವಾಲ್ವ್) ತಯಾರಿಕೆ ಶುರು ಮಾಡಿತು. ಅಲ್ಲಿನ ಇಎಲ್84 ಇವತ್ತಿಗೂ ಹಳೇ ರೇಡಿಯೋ ಅಂಗಡಿಗಳ ಮೂಲೆಯಲ್ಲಿ ಸಿಗುತ್ತದೆ. ನಾನು ಅದನ್ನು ಮನಸಾರೆ ಮೆಚ್ಚುತ್ತೇನೆ. ಟೆಸ್ಟ್ ಮಾಡಿ ಕೊಡುವವರು ಇದ್ದರೆ ಮೊದಲು ಅದನ್ನೇ ಹುಡುಕಿ.

ಹಾಕಿದ ಮೇಲೆ ಒಂದು ಲೆಕ್ಕ ಮಾಡಿಸಿ. ಪ್ರತಿ ವಾಲ್ವಿಗೂ ಪ್ರತ್ಯೇಕ ಕ್ಯಾಥೋಡ್ ರೆಸಿಸ್ಟರ್ 270 ಓಂ ಇದೆ, ಅದರ ಎರಡು ತುದಿಯ ನಡುವೆ 10.8 ವೋಲ್ಟ್ ಬಂತು ಅಂದುಕೊಳ್ಳಿ. ಭಾಗಿಸಿದರೆ 40 ಮಿಲಿಆಂಪ್. ಪ್ಲೇಟಿನಿಂದ ಕ್ಯಾಥೋಡಿಗೆ 290 ವೋಲ್ಟ್ ಇದ್ದರೆ ಗುಣಿಸಿ, 11.6 ವ್ಯಾಟ್. ಇಎಲ್84ರ ಪ್ಲೇಟ್ ತಡೆಯುವುದು 12 ವ್ಯಾಟ್. ಅಳೆದ ಕರೆಂಟಿನಲ್ಲಿ ಸ್ಕ್ರೀನ್ ಗ್ರಿಡ್ಡಿನ (ವಾಲ್ವಿನೊಳಗಿನ ಇನ್ನೊಂದು ಜಾಲರಿಯ) ಪಾಲೂ ಸ್ವಲ್ಪ ಸೇರಿರುವುದರಿಂದ ನೀವು ಸುರಕ್ಷಿತ. 12 ದಾಟಿದರೆ ವಾಲ್ವ್ ಬೇಗ ಸವೆಯುತ್ತದೆ.

ಪ್ರಶ್ನೆ: ಒಬ್ಬರು ಹಳೇ ಮುಲ್ಲಾರ್ಡ್ ಇಸಿಸಿ83 ಕೊಡುತ್ತೇನೆ ಅನ್ನುತ್ತಾರೆ. ಹೊಸದರ ಹಲವು ಪಟ್ಟು ಬೆಲೆ ಹೇಳುತ್ತಿದ್ದಾರೆ. ಅಸಲಿಯೋ ಅಲ್ಲವೋ ಹೇಗೆ ತಿಳಿಯುವುದು? ಅಷ್ಟು ಕೊಡಬಹುದಾ?
(ಮೈಸೂರಿನಿಂದ)

ಉತ್ತರ: ಗಾಜಿನ ಮೇಲಿನ ಹೆಸರನ್ನು ನಂಬಬೇಡಿ. ಅದು ಬರೀ ಶಾಯಿ. ಯಾರು ಬೇಕಾದರೂ ಅಚ್ಚು ಹಾಕಬಹುದು. ಗಾಜಿನ ಕೆಳಭಾಗದಲ್ಲಿ, ಪಿನ್ನುಗಳ ಹತ್ತಿರ, ಸಣ್ಣ ಅಕ್ಷರಗಳ ಎರಡು ಸಾಲಿನ ಕೋಡ್ ಇರುತ್ತದೆ. ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ಕಾರ್ಖಾನೆಯ ಮುಲ್ಲಾರ್ಡ್ ಆದರೆ ಎರಡನೇ ಸಾಲು ಬಿ ಅಕ್ಷರದಿಂದ ಶುರುವಾಗುತ್ತದೆ. ಟೆಲಿಫುಂಕನ್ ಅಂತ ಯಾರಾದರೂ ತಂದರೆ ವಾಲ್ವನ್ನು ಮಗುಚಿ ನೋಡಿ. ಪಿನ್ನುಗಳ ನಡುವೆ ಗಾಜಿನಲ್ಲೇ ಒಂದು ವಜ್ರಾಕಾರದ ಗುರುತು ಮೂಡಿರುತ್ತದೆ. ಮುಲ್ಲಾರ್ಡ್ ಹೆಸರಿನಲ್ಲಿ ಈಗ ರಷ್ಯಾದಲ್ಲಿ ಹೊಸ ವಾಲ್ವ್ ತಯಾರಾಗುತ್ತದೆ ಅನ್ನುವುದೂ ನೆನಪಿರಲಿ. ಅದು ಮೋಸವಲ್ಲ, ಆದರೆ ಹಳೇದರ ಬೆಲೆ ಕೊಡಬೇಕಾದ ವಸ್ತುವೂ ಅಲ್ಲ.

ಅಸಲಿಯೇ ಆದರೂ ಕೇಳಬೇಕಾದ ಪ್ರಶ್ನೆ ಒಂದೇ: ಎರಡೂ ಅರ್ಧದ ಅಳತೆ ಎಷ್ಟು? ಇಸಿಸಿ83 ಒಂದು ಗಾಜಿನಲ್ಲಿ ಎರಡು ಟ್ರಯೋಡ್, ಅಂದರೆ ಎರಡು ಬೇರೆ ಬೇರೆ ವಾಲ್ವ್ ಇದ್ದಂತೆ. ಒಂದು ಸತ್ತು ಇನ್ನೊಂದು ಚೆನ್ನಾಗಿರಬಹುದು. ಎಷ್ಟು ವೋಲ್ಟೇಜಿನಲ್ಲಿ, ಎಷ್ಟು ಕರೆಂಟ್ ಬಂತು ಎಂದು ಹೇಳಲಾಗದವರಿಂದ ಕೊಳ್ಳಬೇಡಿ. ಸುಮ್ನೆ 'ಟೆಸ್ಟೆಡ್, ಗುಡ್' ಅಂದರೆ ಸಾಲದು.

ಬೆಲೆಯ ಮಾತು. ಹಳೇ ಮುಲ್ಲಾರ್ಡ್ ಒಳ್ಳೇ ವಾಲ್ವ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಎಲ್ಲ ಸಾಕೆಟ್ಟಿಗೂ ಅದು ಬೇಡ. ಎಲ್ಲಕ್ಕಿಂತ ಮೊದಲ ಹಂತದ, ಅಂದರೆ ಸಂಕೇತ ಒಳಬರುವ ಕಡೆಯ ವಾಲ್ವ್ ಮಾಡುವ ಸದ್ದನ್ನು ಉಳಿದವೆಲ್ಲ ಹಿಗ್ಗಿಸುತ್ತವೆ. ಅಲ್ಲಿ ಮಾತ್ರ ನಿಮ್ಮಲ್ಲಿರುವ ಅತಿ ನಿಶ್ಶಬ್ದದ ಇಸಿಸಿ83 ಹಾಕಿ. ವಾಲ್ಯೂಮ್ ಸ್ವಲ್ಪ ಏರಿಸಿ ಪೆನ್ಸಿಲ್ಲಿನ ಹಿಂಬದಿಯಿಂದ ಮೆಲ್ಲಗೆ ತಟ್ಟಿ. ಸ್ಪೀಕರಿನಲ್ಲಿ ಟಣ್ ಎಂದು ಎಳೆದು ಕೇಳಿದರೆ ಅದನ್ನು ನಂತರದ ಹಂತಕ್ಕೆ ಸರಿಸಿ.

ಪ್ರಶ್ನೆ: ಇಸಿಸಿ83 ಬದಲು ಇಸಿಸಿ82 ಹಾಕಬಹುದಾ? ರಷ್ಯಾದ 6ಎನ್2ಪಿ ಕೂಡ ಅದೇ ಎನ್ನುತ್ತಾರಲ್ಲ?
(ಹುಬ್ಬಳ್ಳಿಯಿಂದ)

ಉತ್ತರ: ಇಸಿಸಿ82 ಸಾಕೆಟ್ಟಿಗೆ ಕೂರುತ್ತದೆ, ಏನೂ ಸುಡುವುದಿಲ್ಲ. ಆದರೆ ಇಸಿಸಿ83ರ ಆಂಪ್ಲಿಫಿಕೇಶನ್ ಫ್ಯಾಕ್ಟರ್ (ಹಿಗ್ಗಿಸುವ ಶಕ್ತಿಯ ಅಳತೆ) 100, ಇಸಿಸಿ81 ಸುಮಾರು 60, ಇಸಿಸಿ82 ಸುಮಾರು 17. ಇಸಿಸಿ82ಗೆ ಬೇಕಾದ ಕರೆಂಟೂ ಹೆಚ್ಚು. ಇಸಿಸಿ83ಗೆಂದು ಲೆಕ್ಕ ಹಾಕಿ ಇಟ್ಟ ರೆಸಿಸ್ಟರ್‌ಗಳಲ್ಲಿ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಸದ್ದು ಕಮ್ಮಿಯಾಗುತ್ತದೆ, ಮಂಕಾಗುತ್ತದೆ.

6ಎನ್2ಪಿ ನೇರವಾಗಿ ಹಾಕಲೇಬೇಡಿ. ಗುಣ ಹತ್ತಿರ, ಫಿಲಮೆಂಟಿನ (ವಾಲ್ವನ್ನು ಒಳಗಿನಿಂದ ಕಾಯಿಸುವ ತಂತಿಯ) ವೈರಿಂಗ್ ಬೇರೆ. ಇಸಿಸಿ83ಕ್ಕೆ 4 ಮತ್ತು 5ನೇ ಪಿನ್ ಜೋಡಿಸಿ 9ನೇ ಪಿನ್ನಿನ ಜೊತೆ 6.3 ವೋಲ್ಟ್ ಕೊಡುತ್ತಾರೆ, ಇಲ್ಲವೇ 4 ಮತ್ತು 5ರ ನಡುವೆ 12.6 ವೋಲ್ಟ್. 6ಎನ್2ಪಿಗೆ 4 ಮತ್ತು 5ರ ನಡುವೆ 6.3 ಮಾತ್ರ. 9ನೇ ಪಿನ್ ಬರೀ ಶೀಲ್ಡ್. ಸಾಕೆಟ್ ವೈರಿಂಗ್ ಬದಲಿಸಿದರೆ ಮಾತ್ರ ಆಗುತ್ತದೆ.

ಪ್ರಶ್ನೆ: ವಾಲ್ವ್ ಒಳಗೆ ನೀಲಿ ಬೆಳಕು ಕಾಣುತ್ತಿದೆ. ಬದಲಿಸಬೇಕಾ?
(ಉಡುಪಿಯಿಂದ)

ಉತ್ತರ: ಗಾಜಿನ ಒಳಮೈ ಮೇಲೆ ಕಡುನೀಲಿ ಮೂಡಿದ್ದರೆ ಚಿಂತೆ ಬೇಡ. ಔಟ್‌ಪುಟ್ ವಾಲ್ವ್‌ಗಳಲ್ಲಿ ಅದು ಮಾಮೂಲು. ಪ್ಲೇಟಿನ ಒಳಗೆ, ನಡುಭಾಗದಲ್ಲಿ ನೇರಳೆ ಅಥವಾ ಗುಲಾಬಿ ಬಣ್ಣದ ಮಬ್ಬು ತುಂಬಿದ್ದರೆ ಗ್ಯಾಸ್. ಅದನ್ನು ತೆಗೆಯಿರಿ. ತಲೆಯ ಮೇಲಿನ ಬೆಳ್ಳಿ ಬಣ್ಣದ ಲೇಪ ಹಾಲಿನಂತೆ ಬೆಳ್ಳಗಾಗಿದ್ದರೆ ಗಾಳಿ ಹೊಕ್ಕಿದೆ. ಅದು ಸತ್ತ ವಾಲ್ವ್, ಆನ್ ಮಾಡುವುದೂ ಬೇಡ.

ಪ್ರಶ್ನೆ: ಇಎಲ್34 ತೆಗೆದು ಕೆಟಿ88 ಹಾಕಿದರೆ ಸದ್ದು ಹೆಚ್ಚುತ್ತದಾ?
(ದಾವಣಗೆರೆಯಿಂದ)

ಉತ್ತರ: ಇಲ್ಲ. ಸದ್ದನ್ನು ನಿರ್ಧರಿಸುವುದು ಸೆಟ್ಟಿನ ವೋಲ್ಟೇಜ್ ಮತ್ತು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ಎರಡೂ ದೊಡ್ಡ ಔಟ್‌ಪುಟ್ ವಾಲ್ವೇ, ಆದರೆ ಕೆಟಿ88ಗೆ ಬೇರೆಯದೇ ಬಯಾಸ್ ಬೇಕು, ಫಿಲಮೆಂಟಿಗೆ ತುಸು ಹೆಚ್ಚು ಕರೆಂಟೂ ಬೇಕು: 1.5 ಆಂಪ್ ಬದಲು 1.6. ತಯಾರಕರೇ ಹಾಕಬಹುದು ಎಂದು ಬರೆದಿಲ್ಲದಿದ್ದರೆ ಒಳ್ಳೇ ಇಎಲ್34 ಜೋಡಿಯನ್ನೇ ಹಾಕಿ.

ಪ್ರಶ್ನೆ: ಸೆಟ್ ಚೆನ್ನಾಗಿದೆ, ಕಂಡೆನ್ಸರ್ ಹೊಸವು, ಬಯಾಸ್ ನೋಡಿಸಿದ್ದೇನೆ. ಆದರೂ ಯಾವ ಕಂಪನಿಯ ವಾಲ್ವ್ ಹಾಕಿದರೂ ಬಾಳಿಕೆ ಬರುತ್ತಿಲ್ಲ. ಇನ್ನೂ ದುಬಾರಿಯದು ಕೊಳ್ಳಲಾ?
(ಕಲಬುರಗಿಯಿಂದ)

ಉತ್ತರ: ನಿಮ್ಮ ಪತ್ರದಲ್ಲಿ ಒಂದು ವಿಷಯ ಬಿಟ್ಟುಹೋಗಿದೆ. ರಾತ್ರಿ ನಿಮ್ಮ ಮನೆಯ ಗೋಡೆ ಪ್ಲಗ್ಗಿನಲ್ಲಿ ಎಷ್ಟು ವೋಲ್ಟ್ ಬರುತ್ತದೆ? ಬಯಾಸ್ ನೋಡಿಸಿದ್ದು ಹಗಲಿನಲ್ಲಿ ಇರಬೇಕು. ಹಾಡು ಕೇಳುವುದು ರಾತ್ರಿ, ಅಲ್ವಾ? ಊಟದ ಹೊತ್ತು ದಾಟಿದ ಮೇಲೆ ಲೋಡ್ ಇಳಿದು ವೋಲ್ಟೇಜ್ ಏರುವ ಊರುಗಳು ನಮ್ಮಲ್ಲಿ ಬಹಳ.

ಹಳೇ ಸೆಟ್ಟುಗಳ ಹಿಂದೆ ಮೇನ್ಸ್ ಟ್ಯಾಪ್ (ಮನೆಗೆ ಬರುವ ವೋಲ್ಟೇಜಿಗೆ ಸೆಟ್ಟನ್ನು ಹೊಂದಿಸುವ ಜೋಡಣೆ) ಇರುತ್ತದೆ: 200, 220, 240, ಹೀಗೆ. ನಿಮ್ಮದು 220ರಲ್ಲಿದ್ದು ರಾತ್ರಿ 245 ಬರುತ್ತಿದ್ದರೆ, 6.3 ಇರಬೇಕಾದ ಫಿಲಮೆಂಟಿಗೆ 7 ವೋಲ್ಟ್ ಹೋಗುತ್ತದೆ. 6.0ರಿಂದ 6.6ರ ಒಳಗೆ ಇದ್ದರೆ ಒಳ್ಳೇದು. 7 ವೋಲ್ಟಿನಲ್ಲಿ ಕ್ಯಾಥೋಡ್ ಅತಿಯಾಗಿ ಕಾದು, ಮೇಲಿನ ಲೇಪ ಬೇಗ ಮುಗಿಯುತ್ತದೆ. ಪ್ಲೇಟಿನ ವೋಲ್ಟೇಜೂ ಅದೇ ಪ್ರಮಾಣದಲ್ಲಿ ಏರಿರುತ್ತದೆ. ಹಗಲು 320 ಇದ್ದದ್ದು 350 ದಾಟಬಹುದು. ನಿಮ್ಮದು ಇಎಲ್84 ಆಗಿದ್ದರೆ ಅದರ ಪ್ಲೇಟಿನ ಮಿತಿ 300. ಇಂಥ ಕಡೆ ಅದೇ ಜಾತಿಯ, ಹೆಚ್ಚು ವೋಲ್ಟೇಜಿಗೆ ಮಾಡಿದ 7189 ಅಥವಾ ರಷ್ಯಾದ 6ಪಿ14ಪಿ-ಇವಿ ತಡೆಯುತ್ತದೆ. ಆದರೆ ಫಿಲಮೆಂಟಿನ ಸಮಸ್ಯೆಯನ್ನು ಯಾವ ವಾಲ್ವೂ ಬಗೆಹರಿಸುವುದಿಲ್ಲ.

ರಾತ್ರಿ ಒಂಬತ್ತರ ನಂತರ ಪ್ಲಗ್ಗಿನಲ್ಲಿ ಒಮ್ಮೆ ಅಳೆಸಿ. ಟ್ಯಾಪನ್ನು 240ಕ್ಕೆ, ಇನ್ನೂ ಮೇಲಿನದಿದ್ದರೆ ಅದಕ್ಕೆ ಬದಲಿಸಿ. ಟ್ಯಾಪ್ ಇಲ್ಲದಿದ್ದರೆ ಒಳ್ಳೇ ಸ್ಟೆಬಿಲೈಜರ್ ಇಡಿ. ಆಮೇಲೆ ಫಿಲಮೆಂಟಿನ ವೋಲ್ಟೇಜ್ ಮತ್ತೆ ನೋಡಿಸಿ, ಈಗಿನ ಬೆಲೆಯದೇ ಒಂದು ಜೋಡಿ ಹಾಕಿ. ಫಿಲಮೆಂಟಿನ ಅಳತೆ ಎಷ್ಟು ಬಂತು ಎಂದು ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಅಲ್ಲಿಂದ ಮುಂದುವರಿಸೋಣ.